ಗುಂಗುರಜ್ಜಿಯ ಮರಿಮಗಳು

ಶಿರ್ತಾಡಿಯಿಂದ ನೆರಿಯದವರೆಗಿನ ಸೀಮೆಯಲ್ಲಿ ನನ್ನ ಹೆಂಡತಿ ಕುಸುಮನ ಕಣ್ಣಿನಿಂದ ತಪ್ಪಿಸಿಕೊಂಡ ಮೂಗು ಇನ್ನೂ ಹುಟ್ಟಿಲ್ಲ. ನಾವು ನೀವೆಲ್ಲ ಮನುಷ್ಯನ ಮುಖವನ್ನು ಒಟ್ಟಾಗಿ ನೋಡುತ್ತೇವೆ. ಕುಸುಮ ಬಿಡಿ ಭಾಗಗಳಾಗಿ ನೋಡುತ್ತಾಳೆ. ಈ ಮೂಗು ಯಾವ ಮನೆಯದು, ಈ ಗಲ್ಲ ಯಾರ ಕಡೆಯದು, ಈ ಕಿವಿ ಯಾವ ಅಜ್ಜಿಯಿಂದ ಹೊರಟು ಯಾವ ಚಿಕ್ಕಮ್ಮನ ಮನೆಯಲ್ಲಿ ಇಳಿದು ಹತ್ತಿ ಇಲ್ಲಿಗೆ ತಲುಪಿತು ಎಂಬುದನ್ನು ಬಸ್ಸಿನ ರೂಟು ಹೇಳುವಷ್ಟು ಸರಾಗವಾಗಿ ಹೇಳುತ್ತಾಳೆ.

ಒಮ್ಮೆ ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತನೊಬ್ಬನನ್ನು ಬಗ್ಗಿ ನೋಡಿ, "ನಿಮ್ಮ ತಾಯಿಯ ಕಡೆ ನೆರಿಯವಾ?" ಎಂದಳು.

"ಅಲ್ಲ ಅಕ್ಕ, ಮಿಜಾರು."

"ಅಲ್ಲ, ನೆರಿಯ. ಫೋನ್ ಮಾಡಿ ಕೇಳಿ."

ಆತ ನಗುತ್ತಲೇ ಮನೆಗೆ ಫೋನ್ ಮಾಡಿದ. ವೇಣೂರು ಬರುವಾಗ ನಗು ನಿಂತಿತ್ತು. ಅವನ ಅಜ್ಜಿ ನೆರಿಯದವರೇ. ಹಳೆಯ ಯಾವುದೋ ಜಗಳದಿಂದಾಗಿ ಮನೆಯಲ್ಲಿ ಆ ಊರಿನ ಹೆಸರು ಎತ್ತುತ್ತಿರಲಿಲ್ಲವಂತೆ. ಆತ ಇಳಿಯುವಾಗ ಕುಸುಮನಿಗೆ ಕೈಮುಗಿದ. ಆ ಬಸ್ಸಿನ ಕಂಡಕ್ಟರ್ ಈಗಲೂ ಅವಳಿಗೆ ಟಿಕೆಟ್ ಕೊಡುವಾಗ ಮುಖಕ್ಕೆ ಕರವಸ್ತ್ರ ಹಿಡಿಯುತ್ತಾನೆ. (ಅವನ ಮನೆಯಲ್ಲಿ ಏನು ಗುಟ್ಟುಂಟೋ ಯಾರಿಗೆ ಗೊತ್ತು!) ನಮ್ಮ ಬಂಧುಬಳಗದಲ್ಲಿ ಮಗು ಹುಟ್ಟಿದರೆ ತೂಕ ನೋಡುವ ಮೊದಲು ಕುಸುಮನಿಗೆ ಫೋಟೋ ಬರುತ್ತದೆ. ಅವಳು ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, "ಹುಬ್ಬು ಅಜ್ಜನದ್ದು, ಸಿಟ್ಟು ಅತ್ತೆಯದ್ದು" ಎಂದು ತೀರ್ಪು ಕೊಟ್ಟ ಮೇಲೆಯೇ ಆ ಮಗು ಕುಲಕ್ಕೆ ಸೇರಿದಂತೆ.

ಇಂಥ ದಿವ್ಯದೃಷ್ಟಿಯ ಜೊತೆ ಸಂಸಾರ ಮಾಡುವವನ ಪಾಡು ಏನೆಂದು ಊಹಿಸಿ. ಮದುವೆಯಾದ ವಾರದಲ್ಲೇ ಅವಳು ನನ್ನ ಮೀಸೆಯನ್ನು ದಿಟ್ಟಿಸಿ, "ಇದರ ಹಿಂದೆ ಸಂಕಪ್ಪ ಮಾವನ ತುಟಿ ಉಂಟು" ಎಂದಿದ್ದಳು.

ಸಂಕಪ್ಪ ಮಾವ ಎಂದರೆ ನನ್ನ ತಾಯಿಯ ತಮ್ಮ. ಅವರ ಮೇಲ್ತುಟಿ ಮನೆಯ ಹೆಂಚಿನ ಮಾಡಿನಂತೆ ಮುಂದಕ್ಕೆ ಇಳಿದಿದೆ. ಎಷ್ಟು ಜಡಿಮಳೆ ಬಂದರೂ ಕೆಳತುಟಿ ಒದ್ದೆಯಾಗುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ನಾನು ಪಿಯುಸಿಯಲ್ಲಿ ಮೀಸೆ ಬಿಟ್ಟವನು ಅದನ್ನು ಇಂದಿನವರೆಗೂ ತೆಗೆದಿಲ್ಲ. ಯಾಕೆ ತೆಗೆದಿಲ್ಲ ಎಂದು ಬುದ್ಧಿವಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಮೀಸೆಯೇ ಅಪಾಯಕ್ಕೆ ಸಿಕ್ಕಿಕೊಂಡ ಕಥೆ ಇದು.

ಮೂಡಬಿದ್ರೆಯಲ್ಲಿ ನನ್ನದು ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ. ಪಕ್ಕದ್ದು ಅಬ್ದುಲ್ ರವೂಫನ ಚಪ್ಪಲಿ ಅಂಗಡಿ. ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಬರುತ್ತಾನೆ. ಮಳೆಗಾಲದಲ್ಲಿ ಫ್ಯಾನು ಬೇಡ, ಕೆಸರಿನಲ್ಲಿ ಹೊಸ ಚಪ್ಪಲಿ ಬೇಡ. ಹೀಗೆ ಇಬ್ಬರೂ ನೊಣ ಹೊಡೆಯುತ್ತಿದ್ದಾಗ ನಮ್ಮ ಮೊಬೈಲಿಗೆ ಬೆಕ್ಕಿನ ಆಟ ಬಂತು. ಅದರೊಳಗೆ ನಿಮಗೊಂದು ಮನೆ, ಮನೆಯಲ್ಲಿ ಬೆಕ್ಕು. ಎರಡು ಬೆಕ್ಕಿಗೆ ಮದುವೆ ಮಾಡಿಸಿದರೆ ಒಂದು ಬುಟ್ಟಿ ಬರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಬುಟ್ಟಿ ಅಲುಗಿ ಮರಿ ಹೊರಬರುತ್ತದೆ. ಹಾಲಿನ ಖರ್ಚಿಲ್ಲ, ಮೀನು ಕದಿಯುವ ಭಯವಿಲ್ಲ.

ಆಟದ ತಿರುಳು ಇಷ್ಟೇ. ಪ್ರತಿಯೊಂದು ಗುಣಕ್ಕೂ ಬೆಕ್ಕಿನೊಳಗೆ ಎರಡು ಚೀಟಿ ಇರುತ್ತವೆ. ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ಸುರುಳಿಯಿಲ್ಲದ ನೆಟ್ಟ ರೋಮದ ಚೀಟಿ ಜೋರಿನದು. ಅದು ಒಂದಿದ್ದರೂ ಸಾಕು, ಮನೆಯ ಯಜಮಾನನಂತೆ ಜಗಲಿಯಲ್ಲಿ ಬಂದು ಕೂರುತ್ತದೆ. ಗುಂಗುರು ರೋಮದ ಚೀಟಿ ಹೊಸ ಸೊಸೆಯ ಹಾಗೆ ಒಳಗೇ ಅಡಗಿರುತ್ತದೆ. ಎರಡೂ ಕಡೆಯಿಂದ ಗುಂಗುರು ಚೀಟಿಯೇ ಬಂದರೆ ಮಾತ್ರ ಹೊರಗೆ ಮುಖ ತೋರಿಸುತ್ತದೆ. ಹಾಗಾಗಿ ಗುಂಗುರು ಬೆಕ್ಕೆಂದರೆ ಈ ಆಟದಲ್ಲಿ ಕೋಹಿನೂರು ವಜ್ರ.

ನನಗೋ ಆಟದವರು ಸ್ವಾಗತದ ಉಡುಗೊರೆಯಾಗಿ ಒಂದು ಮುದಿ ಗುಂಗುರು ಹೆಣ್ಣುಬೆಕ್ಕನ್ನೇ ಕೊಟ್ಟಿದ್ದರು. ಅದು ಒಂದು ಗಂಡು, ಒಂದು ಹೆಣ್ಣು ಹೆತ್ತು (ಎರಡಕ್ಕೂ ನೆಟ್ಟ ರೋಮ!) ನಿಯಮದಂತೆ ನಿವೃತ್ತಿ ಪಡೆದು ಕಿಟಕಿಯಲ್ಲಿ ಕೂತುಬಿಟ್ಟಿತು.

"ಗುಂಗುರು ಮರಿ ಹುಟ್ಟಿಸುವುದು ನಮ್ಮಂಥವರಿಂದ ಆಗುವುದಲ್ಲ ಶೆಟ್ರೇ," ಎಂದ ರವೂಫ್.

"ನಿನ್ನಿಂದ ಆಗುವುದಲ್ಲ. ನಾನು ಹುಟ್ಟಿಸ್ತೇನೆ."

"ಯಾವಾಗ?"

"ನನ್ನ ಸೊಸೆ ಸುಪ್ರೀತಾಳ ಮದುವೆಯ ಊಟ ಮುಗಿಯುವುದರೊಳಗೆ."

"ಹುಟ್ಟಿಸದಿದ್ದರೆ?"

ಚಹಾ ಕುಡಿಯಲು ಬಂದ ಅಕ್ಕಪಕ್ಕದ ಅಂಗಡಿಯವರೆಲ್ಲ ಕಿವಿ ನಿಮಿರಿಸಿ ನಿಂತಿದ್ದರು. ವೀರರ ವಂಶದವನ ಕೈ ಯಾವಾಗಲೂ ಹೋಗುವ ಜಾಗಕ್ಕೆ ನನ್ನ ಕೈಯೂ ಹೋಯಿತು. "ಮೀಸೆ ಬೋಳಿಸ್ತೇನೆ!" ಎಂದುಬಿಟ್ಟೆ. "ಹುಟ್ಟಿಸಿದರೆ ನೀನು ಗಡ್ಡಕ್ಕೆ ಕಪ್ಪು ಬಣ್ಣ ಹಚ್ಚುವುದನ್ನು ಬಿಡಬೇಕು."

ರವೂಫ್ ಗಡ್ಡ ಸವರಿಕೊಂಡ. ಆ ಗಡ್ಡದ ನಿಜವಾದ ಬಣ್ಣ ಅವನಿಗೂ ಅಲ್ಲಾಹನಿಗೂ ಮಾತ್ರ ಗೊತ್ತು. "ಆಯ್ತು," ಎಂದ.

ಮನೆಗೆ ಬರುವ ದಾರಿಯಲ್ಲಿ ನನಗೆ ಫೋಟೋದ ನೆನಪಾಯಿತು. ಸುಪ್ರೀತಾ ನನ್ನ ತಂಗಿಯ ಮಗಳು. ಅವಳ ಮದುವೆಯಲ್ಲಿ ನಾನು ಸೋದರಮಾವ. ಪ್ರತಿಯೊಂದು ಫೋಟೋದಲ್ಲೂ ನಿಲ್ಲಬೇಕಾದವನು. ನನ್ನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಸಂಕಪ್ಪ ಮಾವ! ಎರಡು ತುಟಿಗಳು, ಒಂದೇ ಮಾಡು, ಒಂದೇ ಆಲ್ಬಮ್ಮು. ತಲೆತಲಾಂತರಕ್ಕೂ ಉಳಿಯುವ ಸಾಕ್ಷಿ!

ಆದರೆ ನನ್ನ ಹತ್ತಿರ ಉಪಾಯ ಇತ್ತು. ಅಜ್ಜಿಯ ಗುಂಗುರು ಚೀಟಿ ಅಣ್ಣನ ಒಳಗೂ ಉಂಟು, ತಂಗಿಯ ಒಳಗೂ ಉಂಟು. ಅವರಿಬ್ಬರಿಗೇ ಗಂಟು ಹಾಕಿಬಿಟ್ಟರೆ? ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಶುಭಕಾರ್ಯಕ್ಕೆ ತೊಡಗಿದೆ. ಕುಸುಮ ಸಟ್ಟುಗ ಹಿಡಿದುಕೊಂಡು ದೋಸೆ ಎಷ್ಟು ಬೇಕೆಂದು ಕೇಳಲು ಬಂದಳು.

"ಏನು ಮಾಡ್ತಾ ಇದ್ದೀರಿ?"

"ಮದುವೆ."

"ಯಾರದ್ದು?"

"ಬೆಕ್ಕಿನದ್ದು."

ಮದುವೆ ಎಂಬ ಶಬ್ದ ಕಿವಿಗೆ ಬಿದ್ದರೆ ಕುಸುಮ ದೋಸೆ ಮರೆಯುತ್ತಾಳೆ. ಪಕ್ಕದಲ್ಲಿ ಕೂತಳು. "ಹುಡುಗಿಯ ತಾಯಿ ಯಾರು?"

"ಕಿಟಕಿಯಲ್ಲಿ ಕೂತಿದೆಯಲ್ಲ, ಆ ಗುಂಗುರಜ್ಜಿ."

"ಹುಡುಗನ ತಾಯಿ?"

ನಾನು ಮೊಬೈಲು ಒರೆಸಿದೆ.

"ಹುಡುಗನ ತಾಯಿ ಯಾರು ಅಂತ ಕೇಳಿದೆ."

"ಅದೇ ಅಜ್ಜಿ."

ಸಟ್ಟುಗ ಮೇಲೆ ಹೋಯಿತು. "ಒಂದೇ ಬರಿ!"

ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಇಳಿದು ಬರುವ ಕುಲದ ಹೆಸರು. ಒಂದೇ ಬರಿಯವರು ಎಷ್ಟು ದೂರದಲ್ಲಿದ್ದರೂ ಅಣ್ಣ ತಂಗಿಯರ ಲೆಕ್ಕ. ಅವರ ನಡುವೆ ಮದುವೆಯ ಮಾತೆತ್ತಿದರೆ ಹಿರಿಯರು ಎದ್ದು ಹೋಗುತ್ತಾರೆ. ಇಲ್ಲಿ ಲೆಕ್ಕದ ಮಾತೇ ಇಲ್ಲ, ಸ್ವಂತ ಅಣ್ಣ ತಂಗಿ.

"ಇದು ಆಟ, ಕುಸುಮಾ. ವಿಜ್ಞಾನ. ಬೆಕ್ಕಿಗೆ ಬರಿ ಇಲ್ಲ."

"ಬೆಕ್ಕಿಗೆ ಇಲ್ಲದಿದ್ದರೆ ಬೇಡ. ನನ್ನ ಮನೆಗೆ ಉಂಟು. ಈ ಮದುವೆ ಈ ಜಗಲಿಯಲ್ಲಿ ನಡೆದರೆ ಮಧ್ಯಾಹ್ನದ ಊಟ ಬೆಕ್ಕಿನ ಹತ್ತಿರವೇ ಕೇಳಿ. ದೋಸೆಯೂ ಅಲ್ಲಿಂದಲೇ."

ದೋಸೆ ಕಾವಲಿಯಲ್ಲಿ ಸೀದು ಹೋಗುವ ವಾಸನೆ ಬರುತ್ತಿತ್ತು. ವಿಜ್ಞಾನ ಸೋತಿತು.

ಸಿಟ್ಟಿನಲ್ಲಿ ನಾನು ಅಂಗಡಿಗೆ ಹೋಗಿ ಇನ್ನೊಂದು ಕುತಂತ್ರ ಮಾಡಿದೆ. ಆಟದಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಜಾಗ ಕಡಿಮೆ. ಮದುವೆಗೆ ಉಪಯೋಗಕ್ಕೆ ಬಾರದ ತಂಗಿ ಬೆಕ್ಕನ್ನು ರವೂಫನಿಗೆ ಉಡುಗೊರೆ ಕಳಿಸಿಬಿಟ್ಟೆ. ಅವನ ಮನೆ ತುಂಬಲಿ, ನನ್ನದು ಖಾಲಿಯಾಗಲಿ! ಚಾಣಕ್ಯನಿಗೂ ಹೊಳೆಯದ ಈ ಯೋಜನೆಯನ್ನು ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದೆ.

ಕುಸುಮ ಬಡಿಸುವುದನ್ನು ನಿಲ್ಲಿಸಿದಳು. "ಮನೆಯ ಹೆಣ್ಣುಮಗುವನ್ನು ನನ್ನ ಹತ್ತಿರ ಒಂದು ಮಾತು ಕೇಳದೆ ಬಂಟ್ವಾಳಕ್ಕೆ ಕೊಟ್ಟಿರಾ?"

ಅಂದೇ ಆಟ ನನ್ನ ಮೊಬೈಲಿನಿಂದ ಅವಳ ಮೊಬೈಲಿಗೆ ಹೋಯಿತು. ಪಟ್ಟ ಕಳೆದುಕೊಂಡ ಅರಸನಿಗೆ ನೋಡುವ ಹಕ್ಕು ಮಾತ್ರ ಉಳಿಯಿತು. ಅವಳು ಮೊದಲು ಎಲ್ಲರಿಗೂ ಹೆಸರಿಟ್ಟಳು. ಕೊಟ್ಟುಹೋದ ತಂಗಿ ಚೆನ್ನಕ್ಕ, ಉಳಿದ ಅಣ್ಣ ಗುಂಡ. ಗುಂಡನಿಗೆ ಯಾವ ನಂಟೂ ಇಲ್ಲದ ಒಂದು ಕಪ್ಪು ಬೆಕ್ಕನ್ನು ಆಟದ ಸಂತೆಯಿಂದ ಹುಡುಕಿ ತಂದಳು. ಅವರಿಗೆ ಮಲ್ಲಿ ಎಂಬ ಮಗಳಾದಳು. ನೆಟ್ಟ ರೋಮ. ನಾನು ಮೀಸೆ ಮುಟ್ಟಿ ನೋಡಿಕೊಂಡೆ.

ಮದುವೆಯ ಕಾಗದ ಹಂಚುವ ಕೆಲಸ ಶುರುವಾದಾಗ ಒಂದು ದಿನ ಕುಸುಮ ಕೇಳಿದಳು. "ಚೆನ್ನಕ್ಕನಿಗೆ ಮಕ್ಕಳಾಯ್ತಾ?"

"ಒಂದು ಗಂಡು. ಬೂದಿ ಮೈ, ಬೂದಿ ಕಣ್ಣು, ಬೂದಿ ಮೋರೆ. ರವೂಫ್ ಅದನ್ನು ನೋಡಿದಾಗೆಲ್ಲ ಆಕಳಿಸ್ತಾನೆ."

"ಮಲ್ಲಿಗೆ ಅವನೇ ಗಂಡು."

ನಾನು ಹಾರಿಬಿದ್ದೆ. "ಅವರಿಬ್ಬರಿಗೂ ಅಜ್ಜಿ ಒಬ್ಬಳೇ! ಒಂದೇ ಕುಟುಂಬ ಅಂತ ನೀನೇ ಸಟ್ಟುಗ ಎತ್ತಿದ್ದಲ್ಲವಾ?"

"ಸರಿಯಾಗಿ ಲೆಕ್ಕ ಹಾಕಿ. ಬೂದನಿಗೆ ತಾಯಿ ಚೆನ್ನಕ್ಕ, ಅವಳ ತಾಯಿ ಗುಂಗುರಜ್ಜಿ. ಅವನು ಅಜ್ಜಿಯ ಬರಿ. ಮಲ್ಲಿಗೆ ತಾಯಿ ಆ ಕಪ್ಪು ಬೆಕ್ಕು. ಅವಳು ಕಪ್ಪಿಯ ಬರಿ. ಬರಿ ಬೇರೆ ಬೇರೆ. ಮಲ್ಲಿ ಅವನಿಗೆ ಸೋದರಮಾವನ ಮಗಳು ಆಗ್ತಾಳೆ. ಮಾವನ ಮಗಳನ್ನು ಬಿಟ್ಟು ಅವನು ಬೇರೆ ಕಡೆ ಹೋಗುವುದು ಯಾಕೆ?"

ಗುಂಗುರು ಹೊರಬರಬೇಕಾದರೆ ಒಂದೇ ಅಜ್ಜಿಯ ರಕ್ತ ಎರಡೂ ಕಡೆಯಿಂದ ಬರಬೇಕು ಎನ್ನುತ್ತದೆ ವಿಜ್ಞಾನ. ಒಂದೇ ಬರಿ ಕೂಡದು ಎನ್ನುತ್ತದೆ ಸಂಪ್ರದಾಯ. ಇವೆರಡೂ ಮುಖ್ಯದ್ವಾರದಲ್ಲಿ ಕೊರಳಪಟ್ಟಿ ಹಿಡಿದು ನಿಂತಿದ್ದಾಗ ನನ್ನ ಹೆಂಡತಿ ಹಿತ್ತಿಲ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದು ಚಹಾ ಕೊಟ್ಟಿದ್ದಳು!

ಹೆಣ್ಣಿನ ಕಡೆಯವರಾದ ನಾವು ಬಂಟ್ವಾಳಕ್ಕೆ ಹೊರಟೆವು. ಬಾಳೆಹಣ್ಣು, ಮೂಡಬಿದ್ರೆಯ ಮಲ್ಲಿಗೆ, ಹೊಸ ಸೀರೆ (ಕುಸುಮನದ್ದು, ಮಲ್ಲಿಯದ್ದಲ್ಲ). ರವೂಫನ ತಾಯಿ ಬೀಯಮ್ಮ ಚಾವಡಿಯ ಕುರ್ಚಿಯಲ್ಲಿ ಕೂತಿದ್ದರು. ಗೋಳಿಬಜೆ ಬಂತು, ಚಹಾ ಬಂತು.

"ನಿಮ್ಮಲ್ಲಿ ಒಂದು ಹುಡುಗ ಉಂಟಂತೆ ಬೀಯಮ್ಮಾ," ಎಂದಳು ಕುಸುಮ.

"ಯಾರು ಮಗಾ?"

ರವೂಫ್ ನಗುತ್ತಾ ಮೊಬೈಲು ತೋರಿಸಿದ. ಬೀಯಮ್ಮ ಕನ್ನಡಕ ಹಾಕಿ ಬೂದನನ್ನು ಬಹಳ ಹೊತ್ತು ನೋಡಿದರು. "ಇವನಾ? ಇವನು ಜ್ವರ ಬಂದು ಎದ್ದವನ ಹಾಗೆ ಇದ್ದಾನಲ್ಲ! ಬೇರೆ ಚಂದದ್ದು ಉಂಟು, ಅದನ್ನು ನೋಡು."

"ಚಂದ ಬೇಡ. ನನಗೆ ಮನೆತನ ಬೇಕು. ಇವನ ತಾಯಿ ನಮ್ಮ ಮನೆಯ ಹುಡುಗಿ."

"ಹಾಗೆ ಹೇಳು!" ಎಂದು ಬೀಯಮ್ಮ ಎಲೆಪೆಟ್ಟಿಗೆ ಹತ್ತಿರಕ್ಕೆ ಎಳೆದುಕೊಂಡರು. "ತಾಯಿಯ ಕಡೆ ನೋಡಿಯೇ ಮಾಡಬೇಕು. ರವೂಫಾ, ಕೊಟ್ಟುಬಿಡು."

"ಸುಮ್ಮನೆ ಕೊಡುವುದು ಹೇಗೆ ಉಮ್ಮಾ? ಶೆಟ್ರ ಸುಲ್ತಾನನನ್ನು ಕೊಡಲಿ. ಬದಲಿಗೆ ಬದಲು."

ನನ್ನ ಎದೆ ಒಡೆಯಿತು. ಸುಲ್ತಾನ ಎಂದರೆ ಚಿನ್ನದ ಕಣ್ಣು, ಚಾಮರದಂಥ ಬಾಲ. ನಾನು ಆಟದ ಮೊದಲ ದಿನಗಳಲ್ಲಿ ಹಗಲಿಡೀ ಕೂತು ಗಳಿಸಿದ ಬೆಕ್ಕು. ನನ್ನ ಮೊಬೈಲು ತೆರೆದರೆ ದೇವರ ಚಿತ್ರದ ಬದಲು ಅವನದ್ದೇ ಚಿತ್ರ ಬರುತ್ತಿತ್ತು. "ಕುಸುಮಾ, ಸುಲ್ತಾನ ಬೇಡ..." ಎಂದು ನಾನು ಗೋಗರೆಯುವುದರೊಳಗೆ ಅವಳ ಬೆರಳು ಒತ್ತಿ ಆಗಿತ್ತು. ಸುಲ್ತಾನ ಒಮ್ಮೆ ಬಾಲ ಬೀಸಿ ಬಂಟ್ವಾಳದವನಾದ. ಬೂದ ಬಂದು ನಮ್ಮ ಮನೆಯ ಮೂಲೆಯಲ್ಲಿ, ಬೈಗುಳ ತಿಂದವನ ಹಾಗೆ ಕೂತ.

"ಶೆಟ್ರೇ," ಎಂದು ರವೂಫ್ ಗೇಟಿನವರೆಗೆ ಬಂದು ಪಿಸುಗುಟ್ಟಿದ, "ಬ್ಲೇಡು ನಾನೇ ತರ್ತೇನೆ. ಹೊಸತು."

ಮಲ್ಲಿಗೂ ಬೂದನಿಗೂ ಮದುವೆಯಾಯಿತು. ಬುಟ್ಟಿ ಅಲುಗಿತು. ಮೂರು ಮರಿ. ಮೂರಕ್ಕೂ ಇಸ್ತ್ರಿ ಹಾಕಿದಂತೆ ನೆಟ್ಟ ರೋಮ!

"ನೋಡಿದೆಯಾ?" ಎಂದು ನಾನು ಕೂಗಿದೆ. "ನಿನ್ನ ಬೂದನ ಒಳಗೆ ಏನೂ ಇಲ್ಲ. ಒಳಗೂ ಬೂದಿಯೇ!"

"ಸ್ವಲ್ಪ ತಾಳಿ. ಮೊದಲ ಸಲಕ್ಕೇ ಎಲ್ಲ ಬರಬೇಕು ಅಂತ ಉಂಟಾ? ಅತ್ತೆಯ ಬುದ್ಧಿ ನಿಮ್ಮ ಮನೆಯಲ್ಲಿ ಮೂರನೆಯವನಿಗೆ ಬಂದದ್ದು. ಹಾಗಂತ ಅತ್ತೆಯದ್ದು ತಪ್ಪಾ?"

(ನಾನು ಹಿರಿಯ ಮಗ. ಸತ್ತುಹೋದ ನನ್ನ ಅಮ್ಮ ಎಂದರೆ ಕುಸುಮನಿಗೆ ಈಗಲೂ ದೇವರ ಸಮಾನ.)

ಹೆತ್ತ ಬೆಕ್ಕಿಗೆ ಆಟದಲ್ಲೂ ಬಾಣಂತನ ಉಂಟು. ಮಲ್ಲಿಯ ಬಾಣಂತನ ಮುಗಿದದ್ದು ಸುಪ್ರೀತಾಳ ಮದುವೆಯ ಬೆಳಿಗ್ಗೆ. ಕುಸುಮ ರೇಷ್ಮೆ ಸೀರೆ ಉಟ್ಟು, ಜಡೆಗೆ ಹೂ ಮುಡಿದು, ಮನೆಗೆ ಬೀಗ ಹಾಕುವ ಮೊದಲು ಮಲ್ಲಿ ಮತ್ತು ಬೂದನನ್ನು ಇನ್ನೊಮ್ಮೆ ಜೋಡಿಸಿ ಬುಟ್ಟಿ ಇಟ್ಟಳು. ಮೊಬೈಲನ್ನು ಕೈಚೀಲಕ್ಕೆ ಹಾಕಿಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದಳು. ಕಂಡಕ್ಟರ್ ಕರವಸ್ತ್ರ ಹಿಡಿದ.

ಮದುವೆ ಹಾಲಿನಲ್ಲಿ ನಾನು ಅಂದು ತೆಗೆಸಿಕೊಂಡಷ್ಟು ಫೋಟೋ ಮದುಮಗಳೂ ತೆಗೆಸಿಕೊಂಡಿಲ್ಲ. ಮೀಸೆ ಇರುವಾಗಲೇ ಆಗಲಿ ಎಂದು ಯಾರು ಕರೆದರೂ ಹೋಗಿ ನಿಂತೆ. ಗುರುತಿಲ್ಲದವರ ಕುಟುಂಬದ ಫೋಟೋದಲ್ಲೂ ನಿಂತೆ. ಆದರೆ ನೆಂಟರೆಲ್ಲ ಸೇರುವ ದೊಡ್ಡ ಫೋಟೋ ಊಟದ ನಂತರವೇ ಎಂದು ಫೋಟೋದವನು ಹಟ ಹಿಡಿದ. ರವೂಫ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗಡ್ಡ ಕಾಡಿಗೆಯ ಹಾಗೆ ಮಿಂಚುತ್ತಿತ್ತು. ಅಂಗಿಯ ಕಿಸೆಯಿಂದ ರೇಜರಿನ ಹಿಡಿ ಇಣುಕುತ್ತಿತ್ತು.

ಊಟಕ್ಕೆ ಕೂತೆವು. ನನ್ನ ಎಡಕ್ಕೆ ರವೂಫ್, ಬಲಕ್ಕೆ ಕುಸುಮ, ಎದುರಿಗೆ ಸಂಕಪ್ಪ ಮಾವ. ಮಾವ ಪಲ್ಯ ತಿನ್ನುವಾಗ ಆ ತುಟಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ನಾನು ನನ್ನ ಭವಿಷ್ಯವನ್ನೇ ನೋಡುತ್ತಿದ್ದೆ. ಅನ್ನ ಸಾರು ಮುಗಿಯಿತು. ಹೋಳಿಗೆ ಮುಗಿಯಿತು. ಪಾಯಸದ ಬಕೆಟು ನಮ್ಮ ಸಾಲಿನ ತುದಿಗೆ ಬಂತು.

"ಪಾಯಸ ಆದರೆ ಊಟ ಮುಗಿದ ಹಾಗೆಯೇ ಅಲ್ವಾ ಶೆಟ್ರೇ?" ಎಂದ ರವೂಫ್.

"ಮಜ್ಜಿಗೆ ಉಂಟು ಮಾರಾಯ!"

"ಇಲ್ಲಿನ ಬಾತ್‌ರೂಮಿನಲ್ಲಿ ಕನ್ನಡಿ ಒಳ್ಳೆಯದುಂಟು. ನಾನು ನೋಡಿ ಬಂದೆ."

ಪಾಯಸ ಬಿತ್ತು. ನನಗೆ ಅದು ಬೇವಿನ ಕಷಾಯವಾಯಿತು. ಮಜ್ಜಿಗೆಯವನು ದೂರದಲ್ಲಿ ಕಾಣಿಸಿಕೊಂಡ. ಯಮನ ಕೋಣದ ಹಾಗೆ ನಿಧಾನವಾಗಿ, ತಪ್ಪದೆ, ಒಂದೊಂದೇ ಎಲೆ ದಾಟಿ ಬರುತ್ತಿದ್ದ. ನಮ್ಮ ಎಲೆಗೆ ಇನ್ನು ಇಬ್ಬರು ಬಾಕಿ ಎನ್ನುವಾಗ ಕುಸುಮನ ಕೈಚೀಲ 'ಮಿಯಾಂವ್' ಎಂದಿತು.

ಅವಳು ಎಡಗೈಯಲ್ಲಿ ಮೊಬೈಲು ತೆಗೆದಳು. ಬುಟ್ಟಿ ಅಲುಗುತ್ತಿತ್ತು. ಮೊದಲ ಮರಿ, ಕಪ್ಪು, ನೆಟ್ಟ ರೋಮ. ರವೂಫನ ಕೈ ಕಿಸೆಗೆ ಹೋಯಿತು. ಎರಡನೆಯದು ಬಿಳಿ, ನೆಟ್ಟ ರೋಮ. ರೇಜರು ಹೊರಗೆ ಬಂತು. ಬುಟ್ಟಿ ಸುಮ್ಮನಾಯಿತು. ನಾನು ಕಣ್ಣು ಮುಚ್ಚಿ, ಕೊನೆಯ ಸಲ ಎಂಬಂತೆ ಮೀಸೆಯನ್ನು ಮುಟ್ಟಿದೆ. (ಪಾಯಸದ ಕೈಯಲ್ಲಿ. ಅದು ಆಮೇಲೆ ಗೊತ್ತಾದದ್ದು.)

"ಇನ್ನೊಂದು ಉಂಟು," ಎಂದಳು ಕುಸುಮ.

ಕಣ್ಣು ತೆರೆದೆ. ಬುಟ್ಟಿಯ ಅಂಚಿನ ಮೇಲೆ ಎರಡು ಕಿವಿ, ಅದರ ಕೆಳಗೆ ಬೂದಿ ಬಣ್ಣದ ಒಂದು ಮೋರೆ, ಅದರ ಕೆಳಗೆ, ಓ ನನ್ನ ಕುಲದೈವಗಳೇ, ಮೈತುಂಬ ಗುಂಗುರು! ಕುತ್ತಿಗೆಯಲ್ಲಿ ಗುಂಗುರು, ಹೊಟ್ಟೆಯಲ್ಲಿ ಗುಂಗುರು, ಬಾಲದ ತುದಿಯಲ್ಲಿ ಕೂಡ ಒಂದು ಸುರುಳಿ! ಮೊಬೈಲಿನ ಪರದೆಯಲ್ಲಿ ಚಿನ್ನದ ಮಳೆ ಸುರಿಯಿತು, ತುತ್ತೂರಿ ಊದಿತು.

ಆ ಕ್ಷಣ ನಾನು ಎಲೆಯ ಮುಂದಿನಿಂದ ಎದ್ದು ಕುರ್ಚಿಯ ಮೇಲೆ ನಿಂತೆ. ಮದುಮಗ ಯಾರು ಎಂದು ಹೊಸಬರಿಗೆ ಸಂಶಯ ಬರುವಷ್ಟು ಜೋರಾಗಿ, "ಹುಟ್ಟಿತು! ನಮ್ಮ ಮನೆಯಲ್ಲಿ ಹುಟ್ಟಿತು!" ಎಂದು ಕೂಗಿದೆ. ಗಂಡಿನ ಕಡೆಯವರು ಗಾಬರಿಯಿಂದ ಮದುಮಗಳನ್ನು ನೋಡಿದರು. ವಿಷಯ ತಿಳಿದು ಸಾಲಿನಿಂದ ಸಾಲಿಗೆ ಚಪ್ಪಾಳೆ ಹರಡಿತು. ಮೊಬೈಲು ಎಲೆಯಿಂದ ಎಲೆಗೆ, ಉಪ್ಪಿನಕಾಯಿಯ ಹಿಂದೆ ಹಿಂದೆಯೇ, ಹಾಲಿನ ತುದಿಯವರೆಗೂ ಹೋಗಿ ಬಂತು. ರವೂಫ್ ಮಾತಿನ ಮನುಷ್ಯ. ರೇಜರನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕಾಣಿಕೆಯಂತೆ ಒಪ್ಪಿಸಿದ. "ಗೆದ್ದಿರಿ ಶೆಟ್ರೇ. ನಾಳೆಯಿಂದ ನಾನು ನನ್ನ ಅಪ್ಪನ ಹಾಗೆ ಕಾಣ್ತೇನೆ," ಎಂದು ಗಡ್ಡ ನೀವಿಕೊಂಡ.

ನಾನು ಮೀಸೆ ತಿರುವಿದೆ. ಪಾಯಸದಿಂದಾಗಿ ಅದು ತಿರುವಿದ ಹಾಗೆಯೇ ಮೇಲೆ ನಿಂತಿತು. ದೊಡ್ಡ ಫೋಟೋಗೆ ಇದಕ್ಕಿಂತ ಬೇರೆ ಅಲಂಕಾರ ಬೇಕೇ?

"ಇದೆಲ್ಲ ಹೇಗಪ್ಪಾ ಸಾಧ್ಯವಾಯಿತು?" ಎಂದು ಯಾರೋ ಕೇಳಿದರು. ಕೇಳುವುದನ್ನೇ ಕಾಯುತ್ತಿದ್ದೆ. "ನೋಡಿ, ಗುಣ ಎಂಬುದು ಒಳಗೆ ಅಡಗಿರುತ್ತದೆ," ಎಂದು ಶುರು ಮಾಡಿದೆ. "ಹೊರಗಿನ ಚಂದಕ್ಕೆ ಮರುಳಾಗಬಾರದು ಎಂಬ ಕಾರಣಕ್ಕೇ ನಾವು ಸುಲ್ತಾನನನ್ನು ತ್ಯಾಗ ಮಾಡಿ..."

ಸಂಕಪ್ಪ ಮಾವ ಕೈ ಎತ್ತಿ ನನ್ನನ್ನು ತಡೆದರು. ಅವರು ಮೊಬೈಲಿನಲ್ಲಿ ಬೂದನ ಚಿತ್ರವನ್ನೇ ನೋಡುತ್ತಿದ್ದರು. "ನೀನು ಕೂತುಕೊ. ಕುಸುಮಾ, ನೀನು ಹೇಳು. ಈ ಮೋರೆಯಲ್ಲಿ ನಿನಗೆ ಏನು ಕಂಡಿತು ಅಂತ ಇವನನ್ನು ಆರಿಸಿದೆ?"

ಇಡೀ ಸಾಲು ಕಿವಿಗೊಟ್ಟಿತು. ಮಜ್ಜಿಗೆಯವನೂ ನಿಂತ. ಕುಸುಮ ಬಾಳೆಹಣ್ಣು ಸುಲಿಯುತ್ತಿದ್ದಳು.

"ಹುಡುಗನಲ್ಲಿ ಏನೂ ಕಾಣಿಸ್ಲಿಲ್ಲ ಮಾವ. ತಾಯಿ ಒಳ್ಳೆಯವಳು, ಹಾಗಾಗಿ ಒಪ್ಪಿದೆ. ಇವರನ್ನು ಒಪ್ಪಿದ್ದೂ ಹಾಗೆಯೇ ಅಲ್ವಾ," ಎಂದು ಅವಳು ಹಣ್ಣಿನ ತುದಿ ಮುರಿದಳು. "ಬೆಕ್ಕಿನದ್ದು ಸರಿಯಾಯ್ತು."